ಕಾರ್ಟ್ ಷೆಡ್ಡಿನ ರಾಚ

ಹೂಂಗುಟ್ಟುವವರಿದ್ದರೆ ಹತ್ತಿರ ಬಂದು ಕೂತುಕೊಳ್ಳಿ. ನಗು ಬಂದರೆ ನಗಿ, ಬೇಡ ಅನ್ನುವುದಿಲ್ಲ. ಆದರೆ ಈ ಕತೆಯಲ್ಲಿ ರಾಚನ ಅವ್ವ ನಗಲಿಲ್ಲ, ಅದು ನೆನಪಿರಲಿ.

ನಂಜನಗೂಡು ರಸ್ತೆಯ ಆಚೆಗೆ ಒಂದು ಕಾರ್ಟ್ ಕ್ಲಬ್ಬು. ಕಾರ್ಟ್ ಅಂದರೆ ಬಾಗಿಲಿಲ್ಲ, ಚಾವಣಿಯಿಲ್ಲ, ನೆಲಕ್ಕೆ ಅಂಟಿಕೊಂಡು ಓಡುವ ಪುಟ್ಟ ರೇಸ್ ಗಾಡಿ. ಆ ಕ್ಲಬ್ಬಿನ ಕ್ಯಾಂಟೀನಿನಲ್ಲಿ ಅಡಿಗೆ ಮಾಡುತ್ತಿದ್ದವಳು ಚಿಕ್ಕತಾಯಮ್ಮ. ಅವಳಿಗೆ ಒಬ್ಬನೇ ಮಗ, ರಾಚಪ್ಪ. ಆಳು ನೋಡಿದರೆ ಆನೆ. ಮೀಸೆ ಬಂದು ಎಷ್ಟೋ ವರ್ಷವಾಗಿತ್ತು, ಬುದ್ಧಿ ಇನ್ನೂ ದಾರಿಯಲ್ಲೇ ಇತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವನ ರೋಗ.

ಚಿಕ್ಕತಾಯಮ್ಮನ ರೋಗ ಬೇರೆ. ಅವಳದು ಎದೆಯದು. ‘ಆಪರೇಷನ್ ಆಗಲೇಬೇಕು, ಮುಂದಕ್ಕೆ ಹಾಕಬೇಡಿ’ ಅಂದಿದ್ದರು ಡಾಕ್ಟರು. ಸಾಯುವುದಕ್ಕೆ ಅವಳಿಗೆ ಹೆದರಿಕೆ ಇರಲಿಲ್ಲ. ತಾನು ಹೋದರೆ ಈ ಮಗನಿಗೆ ಅನ್ನ ಇಕ್ಕುವವರು ಯಾರು? ಹೆದರಿಕೆ ಅದೊಂದೇ.

ಹೋದಳು, ಷೆಡ್ಡಿನ ಮೇಸ್ತ್ರಿ ಬಶೀರಣ್ಣನ ಮುಂದೆ ನಿಂತಳು.

“ಬಶೀರಣ್ಣ, ನಾನು ಆಸ್ಪತ್ರೆ ಸೇರೋದ್ರೊಳಗೆ ಇವನಿಗೊಂದು ನೆಲೆ ಆಗ್ಬೇಕು.”

ಬಶೀರಣ್ಣ ಗಡ್ಡ ಕೆರೆದುಕೊಂಡರು. ಮಾತು ಒರಟು, ಮನಸ್ಸು ಅಷ್ಟು ಒರಟಲ್ಲ.

“ಈ ಸೀಸನ್ ಮುಗಿಯೋದ್ರೊಳಗೆ ಒಂದೇ ಒಂದು ಕೆಲಸ ಕೆಡಿಸದೆ ಮಾಡ್ಲಿ ತಾಯಕ್ಕ. ಷೆಡ್ಡಲ್ಲೇ ಇಟ್ಕೋತೀನಿ. ಊಟ ನಂದು, ಮಲಗೋ ಜಾಗ ನಂದು. ಆದ್ರೆ ಕೆಲಸ ಕೆಡಿಸಬಾರ್ದು!”

“ಕೆಡಿಸಲ್ಲ ಬಶೀರಣ್ಣ!” ಅಂದ ರಾಚ.

ಮೊದಲನೇ ದಿವಸ. ಷೆಡ್ಡಿನಲ್ಲಿ ಹಳೇ ಟೂ ಸ್ಟ್ರೋಕ್ ಇಂಜಿನ್ನಿನ ಗಾಡಿ ಇತ್ತು. ಅದನ್ನು ಓಡಿಸುವವಳು ದಾಕ್ಷಾಯಿಣಿ, ಕ್ಲಬ್ಬಿಗೇ ಜೋರಾದ ಹುಡುಗಿ.

“ರಾಚ, ಪೆಟ್ರೋಲ್ ಹಾಕು” ಅಂದರು ಬಶೀರಣ್ಣ.

ರಾಚ ಪೆಟ್ರೋಲ್ ಹಾಕಿದ. ಬರೀ ಪೆಟ್ರೋಲ್. ಆಯಿಲ್ ಬೆರೆಸದ ಪೆಟ್ರೋಲಿನಲ್ಲಿ ಟೂ ಸ್ಟ್ರೋಕ್ ಎಷ್ಟು ಹೊತ್ತು ಓಡೀತು? ದಾಕ್ಷಾಯಿಣಿ ಒಂದು ಸುತ್ತು ಹೋದಳು, ಇನ್ನೊಂದಕ್ಕೆ ಹೊರಟಳು. ಕಿರ್ರ್ ಅಂತು. ನಿಂತೇ ಹೋಯಿತು. ಇಂಜಿನ್ ಸೀಜ್!

“ಆಯಿಲ್ ಎಲ್ಲೋ?” ಬಶೀರಣ್ಣ ಕೂಗಿದರು.

“ನೀವು ಪೆಟ್ರೋಲ್ ಅಂದ್ರಿ!”

ಅವ್ವ ಕ್ಯಾಂಟೀನಿನಿಂದ ಓಡಿ ಬಂದಳು, ತಲೆ ಚಚ್ಚಿಕೊಂಡಳು. “ಅಯ್ಯೋ ನನ್ ಮಗನೇ! ಆಯಿಲ್ ಬೆರೆಸಿ ಹಾಕ್ಬೇಕು ಕಣೋ! ಇನ್ಮೇಲೆ ಪೆಟ್ರೋಲ್ ಅಂದ್ರೆ ಆಯಿಲ್ ಬೆರೆಸು!”

“ಹಂಗೇ ಆಗ್ಲಿ ಅವ್ವ!”

ಹಳೇ ಇಂಜಿನ್ ರಿಪೇರಿಗೆ ಹೋಯಿತು. ಅದರ ಜಾಗಕ್ಕೆ ಹೊಸ ಫೋರ್ ಸ್ಟ್ರೋಕ್ ಬಂತು. ವೇಗ ಸ್ವಲ್ಪ ಕಮ್ಮಿ, ತಂಟೆ ಇನ್ನೂ ಕಮ್ಮಿ. ಅದಕ್ಕೆ ಆಯಿಲ್ ಹಾಕುವ ಜಾಗವೇ ಬೇರೆ, ಪೆಟ್ರೋಲಿನ ಟ್ಯಾಂಕೇ ಬೇರೆ.

“ರಾಚ, ಪೆಟ್ರೋಲ್ ಹಾಕು” ಅಂದರು ಬಶೀರಣ್ಣ.

ರಾಚ ಆಯಿಲ್ ಬೆರೆಸಿದ. ಚೆನ್ನಾಗಿ ಬೆರೆಸಿದ. ಹೋದ ಸಲ ಹಾಕದೆ ಇದ್ದದ್ದನ್ನೂ ಸೇರಿಸಿ ಬೆರೆಸಿದ! ಗಾಡಿ ಹೊಗೆ ಉಗುಳಿತು. ಟ್ರ್ಯಾಕಿನ ಆಚೆ ಬದಿ ಕಾಣಿಸಲಿಲ್ಲ. ದಾಕ್ಷಾಯಿಣಿ ಕೆಮ್ಮುತ್ತ ಗಾಡಿಯನ್ನು ಹುಲ್ಲಿಗೆ ಇಳಿಸಿದಳು.

“ಕೇಳ್ಬೇಕು ಕಣೋ! ಮೊದ್ಲು ಕೇಳ್ಬೇಕು!” ಬಶೀರಣ್ಣ ಕೈಯಲ್ಲಿದ್ದ ಸ್ಪ್ಯಾನರ್ ಎಸೆದರು. “ಇನ್ಮೇಲೆ ನನ್ನ ಕೇಳದೆ ಏನನ್ನೂ ಮುಟ್ಟಬೇಡ. ನಾನು ಹೂಂ ಅಂದ್ಮೇಲೆ ಮುಟ್ಟು!”

“ಹಂಗೇ ಆಗ್ಲಿ ಬಶೀರಣ್ಣ!”

ಬಂತು ಶುಕ್ರವಾರ, ಸಂಜೆ ಹೊತ್ತು. ಬಶೀರಣ್ಣ ಷೆಡ್ಡಿನ ಹಿಂದೆ ಚಾಪೆ ಹಾಸಿ ನಮಾಜಿಗೆ ನಿಂತಿದ್ದರು. ಇತ್ತ ಗಾಡಿ ಸ್ಟಾರ್ಟ್ ಮಾಡುವಾಗ ಕಾರ್ಬೊರೇಟರಿನ ಹತ್ತಿರ ಭಗ್ ಅಂತ ಬೆಂಕಿ ಹತ್ತಿತು. ಬೆಂಕಿ ಆರಿಸುವ ಸಿಲಿಂಡರ್ ರಾಚನ ಕಾಲ ಬಳಿಯೇ ಇತ್ತು.

“ರಾಚಣ್ಣ, ಹೊಡಿ!” ಅಂತ ದಾಕ್ಷಾಯಿಣಿ ಕೂಗಿದಳು.

“ತಾಳವ್ವ, ಕೇಳ್ಕೊಂಡ್ ಬತ್ತೀನಿ!”

ಹೋದ. ಬಶೀರಣ್ಣ ಬಾಗಿದರು, ರಾಚ ಕಾದ. ಬಶೀರಣ್ಣ ಹಣೆ ನೆಲಕ್ಕೆ ಹಚ್ಚಿದರು, ರಾಚ ಕಾದ. ನಮಾಜಿನ ನಡುವೆ ಮಾತಾಡಿಸಬಾರದು ಅನ್ನುವ ಮರ್ಯಾದೆ ಅವನಿಗೆ ಗೊತ್ತಿತ್ತು. ಕೊನೆಗೆ ಅವರು ಬಲಕ್ಕೆ ತಿರುಗಿ ಸಲಾಂ ಹೇಳಿದರು, ಎಡಕ್ಕೆ ತಿರುಗಿ ಸಲಾಂ ಹೇಳಿದರು. ಎಡಗಡೆ ರಾಚ ನಿಂತಿದ್ದ.

“ಬಶೀರಣ್ಣ, ಗಾಡಿ ಉರೀತಾ ಅದೆ. ಆರಿಸ್ಲಾ?”

ಅಷ್ಟರಲ್ಲಿ ದಾಕ್ಷಾಯಿಣಿ ಮಣ್ಣು ಎರಚಿ ಎರಚಿ ಆರಿಸಿದ್ದಳು. ಸೀಟು ಕರಗಿಹೋಗಿತ್ತು.

“ಬೆಂಕಿ ಕಂಡ್ರೆ ಕೇಳ್ತಾರೇನೋ!” ಓಡಿ ಬಂದ ಅವ್ವ ಕೂಗಿದಳು. ಒಂದು ಕೈ ಎದೆ ಮೇಲಿತ್ತು. “ಬೆಂಕಿ ಕಂಡ್ರೆ ಯಾರನ್ನೂ ಕೇಳಬೇಡ! ಸಿಲಿಂಡರ್ ಎತ್ತು, ಪುಡಿ ಹೊಡಿ!”

“ಹಂಗೇ ಆಗ್ಲಿ ಅವ್ವ!”

ಹಳೇ ಟೂ ಸ್ಟ್ರೋಕ್ ರಿಪೇರಿಯಾಗಿ ಬಂತು. ಸೀಸನ್ನಿನ ಕೊನೇ ರೇಸಿಗೆ ಅದೇ ಬೇಕು, ಅದರ ವೇಗವೇ ವೇಗ ಅಂದಳು ದಾಕ್ಷಾಯಿಣಿ. ಸರಿ, ಗಾಡಿಗೆ ಪೂಜೆ ಆಗಬೇಕಲ್ಲ? ಪುರೋಹಿತರು ಬಂದರು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಬೂದುಗುಂಬಳಕ್ಕೆ ಕುಂಕುಮ ತುಂಬಿದರು. ಎಲ್ಲರೂ ಕೈಮುಗಿದು ನಿಂತರು. ಪುರೋಹಿತರು ಗಂಟೆ ಅಲ್ಲಾಡಿಸುತ್ತ ಕರ್ಪೂರ ಹಚ್ಚಿ ಮಂಗಳಾರತಿ ಎತ್ತಿದರು.

ರಾಚ ಬೆಂಕಿ ಕಂಡ. ಯಾರನ್ನೂ ಕೇಳಲಿಲ್ಲ.

ಬುಸ್ ಅಂತು ಸಿಲಿಂಡರ್! ಕರ್ಪೂರ ಆರಿತು, ಗಂಟೆ ನಿಂತಿತು. ಹಣೆಯ ನಾಮದಿಂದ ಕಾಲಿನ ಹೆಬ್ಬೆರಳಿನವರೆಗೆ ಪುರೋಹಿತರು ಬೆಳ್ಳಗಾದರು. ಪುಡಿಯ ಒಳಗಿನಿಂದ ಅವರ ಎರಡು ಕಣ್ಣು ಮಾತ್ರ ಪಿಳಿಪಿಳಿ ಅಂದವು. ಯಾರಿಗೂ ನಗುವ ಧೈರ್ಯ ಬರಲಿಲ್ಲ.

ಚಿಕ್ಕತಾಯಮ್ಮ ಅವರ ಕಾಲಿಗೆ ಬಿದ್ದಳು. ಎದ್ದು ಮಗನ ರಟ್ಟೆ ಹಿಡಿದಳು. “ಪೂಜೆ ಹೊತ್ತಲ್ಲಿ ಏನೂ ಮಾಡಬಾರ್ದು ಕಣೋ! ಯಾರಾದ್ರೂ ಕೈಮುಗಿದ್ರೆ ನೀನೂ ಕೈಮುಗಿ, ಕಣ್ಣು ಮುಚ್ಚು. ತೀರ್ಥ ಕೊಡೋವರ್ಗೂ ಅಲ್ಲಾಡಬೇಡ!”

“ಹಂಗೇ ಆಗ್ಲಿ ಅವ್ವ!”

ಕೊನೇ ರೇಸಿನ ದಿವಸ ಬಂತು. ಮೈಸೂರಿನವರೂ ಬಂದರು, ಬೇರೆ ಕ್ಲಬ್ಬಿನವರೂ ಬಂದರು. ಆ ಹಳೇ ಗಾಡಿಗೆ ಸೆಲ್ಫ್ ಇಲ್ಲ, ಕಿಕ್ಕರ್ ಇಲ್ಲ. ಹಿಂದಿನಿಂದ ತಳ್ಳಿಕೊಂಡು ಓಡಿದರೆ ಮಾತ್ರ ಹೊತ್ತಿಕೊಳ್ಳುತ್ತದೆ. ತಳ್ಳುವುದಕ್ಕೆ ರಾಚನಿಗಿಂತ ಗಟ್ಟಿ ಆಳು ಇನ್ನೆಲ್ಲಿ?

“ಇದೊಂದು ಮಾಡ್ಲಿ ತಾಯಕ್ಕ” ಅಂದರು ಬಶೀರಣ್ಣ. “ಬಾವುಟ ಬೀಸ್ತಾರೆ, ಇವನು ತಳ್ತಾನೆ. ಅಷ್ಟೇ. ಇಷ್ಟು ಮಾಡಿದ್ರೆ ನನ್ನ ಮಾತು ಮಾತೇ.”

ಚಿಕ್ಕತಾಯಮ್ಮ ಬೇಲಿಯ ಕಂಬಿ ಹಿಡಿದು ನಿಂತಳು. ಮಾರನೇ ದಿವಸವೇ ಅವಳು ಆಸ್ಪತ್ರೆ ಸೇರಬೇಕಾಗಿತ್ತು.

ಗಾಡಿಗಳು ಸಾಲಾಗಿ ನಿಂತವು. ರಾಚ ಪಂಚೆ ಎತ್ತಿ ಕಟ್ಟಿ ಗಾಡಿಯ ಹಿಂದೆ ಬಗ್ಗಿದ. ದಾಕ್ಷಾಯಿಣಿ ಸ್ಟೀರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಒಂದು ಗಳಿಗೆ ಕೈಮುಗಿದಳು.

ರಾಚ ನೋಡಿದ. ಓಹೋ, ಪೂಜೆ! ನೆಟ್ಟಗೆ ನಿಂತ. ಕೈಮುಗಿದ. ಕಣ್ಣು ಮುಚ್ಚಿದ.

ಬಾವುಟ ಬಿತ್ತು. ಎಲ್ಲ ಗಾಡಿಗಳೂ ಭರ್ರ್ ಅಂತ ಹೋದವು.

“ತಳ್ಳೋ ರಾಚಣ್ಣ!” ದಾಕ್ಷಾಯಿಣಿ ಕಿರುಚಿದಳು. “ತಳ್ಳೋ!” ಬಶೀರಣ್ಣ ಕಿರುಚಿದರು. ಬೇಲಿಯ ಆಚೆಯಿಂದ ಅವ್ವನೂ ಕಿರುಚಿದಳು.

“ತೀರ್ಥ ಬರ್ಲಿ!” ಅಂದ ರಾಚ, ಕಣ್ಣು ಬಿಡದೆ.

ಆ ಹುಡುಗಿ ಒಂದು ವರ್ಷ ಬೆವರು ಸುರಿಸಿದ ರೇಸು ಅಲ್ಲಿಗೆ ಮುಗಿಯಿತು. ಹೆಲ್ಮೆಟ್ ತೆಗೆದು ಗಾಡಿಯಲ್ಲೇ ಕೂತು ಅತ್ತಳು. ಬಶೀರಣ್ಣ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಇನ್ನು ಇವನಿಗೆ ನಾನು ಒಂದು ಮಾತೂ ಹೇಳಲ್ಲ ತಾಯಕ್ಕ. ಹೊಳೇಲಿ ಹುಣಸೆಹಣ್ಣು ತೊಳೆದಂಗೆ. ತಪ್ಪು ತಿಳೀಬೇಡಿ, ನನ್ನ ಕೈಲಾಗಲ್ಲ.”

ಅವ್ವನಿಗೆ ಉಸಿರು ಸಾಲುತ್ತಿರಲಿಲ್ಲ. ಆದರೂ ಬುದ್ಧಿ ಹೇಳಿದಳು. ಅವಳಲ್ಲದೆ ಇನ್ಯಾರು ಹೇಳಬೇಕು?

“ಮಗ, ತಳ್ಳು ಅಂದ್ರೆ ಕಣ್ಣು ಬಿಟ್ಕೊಂಡು, ಇರೋ ಶಕ್ತಿಯೆಲ್ಲ ಹಾಕಿ ತಳ್ಳು. ಓಡ್ತಾ ತಳ್ಳು. ವೇಗ ಬಂದ ಕೂಡ್ಲೆ ಕೈ ತೆಗೆದು ಪಕ್ಕಕ್ಕೆ ಸರಿ.”

“ಹಂಗೇ ಆಗ್ಲಿ ಅವ್ವ.”

ಮಾರನೇ ದಿವಸ ಬಶೀರಣ್ಣನೇ ತಮ್ಮ ಟೆಂಪೋದಲ್ಲಿ ತಾಯಿಮಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ರಾಚನ ಕಡೆ ತಿರುಗಲಿಲ್ಲ. ಪರೀಕ್ಷೆಗಳೆಲ್ಲ ಆದವು. ಆಪರೇಷನ್ನಿನ ದಿವಸ ಚಿಕ್ಕತಾಯಮ್ಮನಿಗೆ ಹಸಿರು ಬಟ್ಟೆ ಹಾಕಿ ಸ್ಟ್ರೆಚರಿನ ಮೇಲೆ ಮಲಗಿಸಿದರು. ಥಿಯೇಟರ್ ಇದ್ದದ್ದು ಕೆಳಗಿನ ಮಹಡಿಯಲ್ಲಿ. ಇಳಿಯುವುದಕ್ಕೆ ಉದ್ದನೆಯ ಇಳಿಜಾರು.

ಆಯಾ ರಾಚನ ಮೈಕಟ್ಟು ನೋಡಿದಳು. “ಸ್ವಲ್ಪ ತಳ್ಳಪ್ಪ” ಅಂದಳು.

ತಳ್ಳು!

ರಾಚ ಕಣ್ಣು ಬಿಟ್ಟುಕೊಂಡ. ಇದ್ದ ಶಕ್ತಿಯೆಲ್ಲ ಹಾಕಿದ. ಓಡುತ್ತಾ ತಳ್ಳಿದ. ವೇಗ ಬಂತು. ಕೈ ತೆಗೆದು ಪಕ್ಕಕ್ಕೆ ಸರಿದ.

ಸ್ಟ್ರೆಚರ್ ಹೋಯಿತು! ಗಡಗಡ ಗಡಗಡ ಅಂತ ಇಳಿಜಾರಿನಲ್ಲಿ ಹೋಯಿತು. ನರ್ಸಮ್ಮ ಗೋಡೆಗೆ ಅಂಟಿಕೊಂಡಳು. ಆಯಾ “ಅಯ್ಯಯ್ಯೋ!” ಅಂತ ಹಿಂದೆ ಓಡಿದಳು. ಚಿಕ್ಕತಾಯಮ್ಮ ಎರಡೂ ಕಡೆಯ ಕಂಬಿ ಹಿಡಿದು ಮಹದೇಶ್ವರನನ್ನು ಕೂಗಿದಳು.

ಕೆಳಗಿನಿಂದ ಬಶೀರಣ್ಣ ಔಷಧಿಯ ಚೀಲ ಹಿಡಿದು ಹತ್ತಿ ಬರುತ್ತಿದ್ದರು. ಚೀಲ ಬಿಸಾಡಿದರು, ಕಾಲು ಅಗಲಿಸಿ ನಿಂತರು, ಎದೆ ಕೊಟ್ಟರು. ಸ್ಟ್ರೆಚರ್ ಢೀ ಕೊಟ್ಟು ಅವರನ್ನು ಒಂದು ಮಾರು ಹಿಂದಕ್ಕೆ ನೂಕಿ ನಿಂತಿತು.

ರಾಚ ಓಡಿ ಬಂದ. ಬಂದವನೇ ಅವ್ವನ ಬಾಯಿ ನೋಡುತ್ತ ನಿಂತ. ಈಗ ಬೈಗುಳ ಬರಬೇಕು, ಆಮೇಲೆ ಬುದ್ಧಿಮಾತು ಬರಬೇಕು. ಹುಟ್ಟಿದಾಗಿನಿಂದ ಹಾಗೇ ಅಲ್ಲವೇ?

ಅವ್ವ ಬಾಯಿ ತೆರೆದಳು. ಉಸಿರು ಬಂತು, ಬೈಗುಳ ಬರಲಿಲ್ಲ. ಕಣ್ಣಿನಲ್ಲಿ ನೀರು ಬಂತು.

“ಬಶೀರಣ್ಣ, ಕಾಯ್ಕೊಂಡು ನಿಂತವ್ನೆ ನೋಡಿ. ನಂಗೆ ಶಕ್ತಿ ಇಲ್ಲ. ಈ ಸಲ ನೀವು ಹೇಳಿ.”

ಬಶೀರಣ್ಣ ಅವಳನ್ನು ನೋಡಿದರು, ರಾಚನನ್ನು ನೋಡಿದರು. ನೋವಾದ ಎದೆ ಉಜ್ಜಿಕೊಂಡರು. ಆಮೇಲೆ ಶುರು ಮಾಡಿದರು ನೋಡಿ!

“ಲೋ ಬೆಪ್ಪ! ಹೆತ್ತ ತಾಯಿನ ಉರುಳಿಸಿಬಿಡ್ತಾರೇನೋ! ಇದೇನು ಕಾರ್ಟಾ? ನಿನ್ನಂಥೋನ್ನ ಕಟ್ಕೊಂಡು ನಾನು ಹೆಂಗೋ ಏಗ್ಲಿ! ಹಿಡ್ಕೋ ಇಲ್ಲಿ, ಗಟ್ಟಿಯಾಗಿ ಹಿಡ್ಕೋ! ಯಾರು ಏನೇ ಹೇಳ್ಲಿ, ನಾನು ಬಿಡು ಅನ್ನೋವರ್ಗೂ ಬಿಡಬೇಡ!”

“ಹಂಗೇ ಆಗ್ಲಿ ಬಶೀರಣ್ಣ!”

ಚಿಕ್ಕತಾಯಮ್ಮ ಆ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡಳು. ಅವಳ ಕೈ ಕಂಬಿಯನ್ನು ಬಿಟ್ಟು ಸಡಿಲವಾಯಿತು. ಎಷ್ಟೋ ವರ್ಷದಿಂದ ಕಾಡುತ್ತಿದ್ದ ಹೆದರಿಕೆ ಆಗ ಇಳಿಯಿತು. ಕಣ್ಣು ಮುಚ್ಚಿಕೊಂಡು ಥಿಯೇಟರಿನ ಕಡೆ ಹೋದಳು. ಬಶೀರಣ್ಣ ಟೀ ಕುಡಿದು ಬರೋಣ ಅಂತ ಹೊರಗೆ ಹೋದರು.

ಥಿಯೇಟರ್ ಬಾಗಿಲು ಬಂತು. “ಇನ್ನು ಬಿಡಪ್ಪ” ಅಂದಳು ನರ್ಸಮ್ಮ. ರಾಚ ಬಿಡಲಿಲ್ಲ. “ಬಿಡಯ್ಯ” ಅಂದರು ಡಾಕ್ಟರು. ಬಿಡಲಿಲ್ಲ. ಇಬ್ಬರು ಎಳೆದರು, ನಾಲ್ವರು ಎಳೆದರು. ಆನೆಯಂಥ ಆಳು, ಕದಲಿಯಾನೇ? ಸ್ಟ್ರೆಚರಿನ ಜೊತೆಗೆ ಅವನೂ ಒಳಗೆ ಹೋದ. ಸೂಜಿ ಚುಚ್ಚುವವರೂ, ಕತ್ತರಿ ಹಿಡಿದವರೂ ಸುತ್ತ ನಿಂತುಬಿಟ್ಟರು.

“ಬಶೀರಣ್ಣ ಬಿಡು ಅನ್ಲಿ!” ಅಂದ ರಾಚ.

ಆಯಾ ಟೀ ಅಂಗಡಿಗೆ ಓಡಿದಳು. ಬಶೀರಣ್ಣ ಕೈಯಲ್ಲಿ ಗ್ಲಾಸು ಹಿಡಿದುಕೊಂಡೇ, ಒಂದು ಕಾಲಿನ ಚಪ್ಪಲಿ ಬೀದಿಯಲ್ಲೇ ಬಿಟ್ಟು, ಏದುಸಿರು ಬಿಡುತ್ತ ಆಸ್ಪತ್ರೆಯ ಉದ್ದಕ್ಕೂ ಕೂಗಿಕೊಂಡು ಬಂದರು: “ಬಿಡೋ ರಾಚಾ! ಬಿಡೋ!”

ರಾಚ ಬಿಟ್ಟ. ಬಾಗಿಲು ಮುಚ್ಚಿತು. ಅವತ್ತಿನಿಂದ ಬಶೀರಣ್ಣ ಟೀ ಕುಡಿಯಲು ರಾಚನನ್ನು ಬಿಟ್ಟು ಹೋದದ್ದಿಲ್ಲ.