ಗೋಡೆಯಾಚೆಯ ಪಾಠ

ಶಿಷ್ಯ ಕೇಳಿದ: "ಗುರುಗಳೇ, ರ‍್ಯಾಪ್ ಹಾಡುವವನೊಬ್ಬ ತನ್ನ ಕಾರ್ಯಕ್ರಮದಲ್ಲಿ ಪಿಟೀಲು ನುಡಿಸಲು ನನ್ನನ್ನು ಕರೆದಿದ್ದಾನೆ. ನೀವು ಕೊಟ್ಟ ವಿದ್ಯೆಯನ್ನು ಅಲ್ಲಿಗೆ ಒಯ್ದರೆ ಅದು ಕೆಡುವುದಿಲ್ಲವೇ?"

ಗುರುಗಳು ತಮ್ಮ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಹೇಳತೊಡಗಿದರು. ಉತ್ತರ ನೀನೇ ತೀರ್ಮಾನಿಸಿಕೊಂಡು ಬಂದಿದ್ದೀಯ, ಮುಖ ನೋಡಿದರೆ ಗೊತ್ತಾಗುತ್ತದೆ. ಇರಲಿ, ಕೂತುಕೋ. ಒಂದು ಕತೆ ಕೇಳು.

ಒಂದು ಊರಿನಲ್ಲಿ ಒಬ್ಬ ರ‍್ಯಾಪ್ ಹಾಡುಗಾರನಿದ್ದ. ಅವನ ಬೆನ್ನಿಗೆ ಯಾವ ಕಂಪನಿಯೂ ಇರಲಿಲ್ಲ. ತಾನೇ ಬರೆಯುವುದು, ತಾನೇ ಹಾಡುವುದು, ತಾನೇ ಫೋನಿನಲ್ಲಿ ಊರಿಗೆಲ್ಲ ಹಂಚುವುದು. ಅಂಥವನಿಗೆ ಒಂದು ಆಸೆ ಹುಟ್ಟಿತು. ಮೆಷಿನ್ನಿನ ಬೀಟು ಸಾಕು, ಒಂದು ಸಲವಾದರೂ ಪಿಟೀಲು, ವೀಣೆ, ಕೊಳಲು, ಮೃದಂಗದವರನ್ನೆಲ್ಲ ವೇದಿಕೆಯ ಮೇಲೆ ಕೂರಿಸಿಕೊಂಡು ಹಾಡಬೇಕು ಎಂದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಗೆಳೆಯರು ನಕ್ಕರು. ಅವನು ಪುರಭವನ ಗೊತ್ತುಮಾಡಿ, ಎಂಟು ಮಂದಿ ವಿದ್ವಾಂಸರನ್ನು ಕರೆಸಿಯೇಬಿಟ್ಟ.

ಆ ಆಸೆಗೆ ಕಾರಣವಿತ್ತು. ಒಂಬತ್ತು ವರ್ಷ ತುಂಬುವವರೆಗೆ ಅವನು ಬೆಳೆದದ್ದು ಒಂದು ವಠಾರದಲ್ಲಿ. ಗೋಡೆಯಾಚೆ ಒಬ್ಬ ಪಿಟೀಲು ಮೇಷ್ಟ್ರ ಮನೆ. ದಿನಾ ಸಂಜೆ ಅಲ್ಲಿ ಪಾಠ. ಈಚೆ ಅವನ ತಾಯಿ ಅಕ್ಕಿ ಆರಿಸುತ್ತ ಕೇಳುತ್ತಿದ್ದಳು, ಮಗ್ಗಿ ಬರೆಯುತ್ತ ಇವನೂ ಕೇಳುತ್ತಿದ್ದ. ಮೇಷ್ಟ್ರು ಅಲ್ಲಿ ಕಲಿಸುತ್ತಿದ್ದ ಒಂದು ವರ್ಣವೆಂದರೆ ತಾಯಿಗೂ ಮಗನಿಗೂ ಬಹಳ ಇಷ್ಟ. ಅದು ಓಡೋಡಿ ಬಂದು ಒಂದು ಕಡೆ ಗಕ್ಕನೆ ನಿಲ್ಲುತ್ತಿತ್ತು. ಟಕ್, ಟಕ್ ಎಂದು ಎರಡು ಸದ್ದು. ಒಂದಿಷ್ಟು ಮೌನ. ಮತ್ತೆ ಮೊದಲಿಂದ. ಆ ಮೌನದಲ್ಲಿ ತಾಯಿ ಮಗನ ಮುಖ ನೋಡಿ ನಗುತ್ತಿದ್ದಳು. ಈಗ ಆ ವಠಾರವಿಲ್ಲ, ತಾಯಿಯೂ ಇಲ್ಲ. ತಾಯಿಯ ಮೇಲೆ ಅವನೊಂದು ಹಾಡು ಕಟ್ಟಿದ್ದ. ಅದರ ಮುಖ್ಯವಾದ ಮಾತನ್ನೆಲ್ಲ ಆ ಮೌನದ ಜಾಗದಲ್ಲಿಯೇ ಇಟ್ಟಿದ್ದ.

ಅಭ್ಯಾಸಕ್ಕೆ ಕೂತರು. ವಿದ್ವಾಂಸರು ಆ ವರ್ಣ ಹಿಡಿದರು. ಆ ಜಾಗ ಬಂತು, ದಾಟಿಯೂ ಹೋಯಿತು. ಇವನು ಕೈಯೆತ್ತಿ, ಅಲ್ಲಿ ನಿಲ್ಲಬೇಕು, ಎರಡು ಸಲ ತಟ್ಟಬೇಕು ಎಂದ. ಮೃದಂಗದವರು ಹಿರಿಯರು. ಬೆರಳೆಣಿಸಿ ನೋಡಿ, ತಾಳ ಮುಗಿಯಲು ಇನ್ನೂ ಮೂರು ಎಣಿಕೆ ಬಾಕಿಯಿದೆ, ನಡುವೆ ಹೇಗೆ ನಿಲ್ಲುವುದು ಎಂದು ಕೇಳಿದರು. ಅದು ಇರುವುದೇ ಹಾಗೆ, ದಿನಾ ಕೇಳಿದ್ದೇನೆ ಎಂದು ಇವನು ಪಟ್ಟು ಹಿಡಿದ. ಎಲ್ಲಿ ಕೇಳಿದೆ ಎಂದು ವಿಚಾರಿಸಿದಾಗ ಗೋಡೆಯ ಸಂಗತಿ ಹೊರಗೆ ಬಂತು. ಹಿರಿಯರಿಗೆ ನಗು ತಡೆಯಲಾಗಲಿಲ್ಲ.

"ಅದು ವರ್ಣವಲ್ಲ ಕಣಯ್ಯಾ, ತಪ್ಪಿದ ಪಾಠ. ಕಲಿಯುವ ಮಕ್ಕಳು ಅಲ್ಲಿ ತಾಳ ಬಿಡುತ್ತವೆ, ಮೇಷ್ಟ್ರು ಕೋಲು ಕುಟ್ಟುತ್ತಾರೆ."

ಪಾಪ, ಅವನ ಮುಖ ಸಣ್ಣದಾಯಿತು. ಆದರೂ ಹಾಗೆಯೇ ನುಡಿಸಿ ಎಂದು ಅಂಗಲಾಚಿದ. ತಪ್ಪನ್ನು ವೇದಿಕೆಯ ಮೇಲೆ ನುಡಿಸಿದರೆ ನಮಗೇ ತಾಳ ಬರುವುದಿಲ್ಲ ಎಂದು ಜನ ಅನ್ನುತ್ತಾರೆ, ಆಗುವುದಿಲ್ಲ ಎಂದರು ಅವರು. ಅವರದೇನೂ ತಪ್ಪಲ್ಲ, ನಾನಿದ್ದರೂ ಹಾಗೇ ಹೇಳುತ್ತಿದ್ದೆ. ಕಾರ್ಯಕ್ರಮಕ್ಕೆ ನಾಲ್ಕೇ ದಿನ. ವರ್ಣವನ್ನು ಸರಿಯಾಗಿ ನುಡಿಸಿದರೆ ಅವನ ಮಾತಿಗೆ ಜಾಗವಿಲ್ಲ. ಕೊನೆಗೆ ಅವನು, ಆಗಲಿ, ಆ ಹಾಡನ್ನೇ ಬಿಟ್ಟುಬಿಡುತ್ತೇನೆ ಎಂದ. ಒಂದು ಮಾತು ಮಾತ್ರ ಸೇರಿಸಿದ.

"ತಪ್ಪೇ ಇರಬಹುದು ಸಾರ್. ಆದರೆ ಅದು ಕುಟ್ಟಿದ ಸದ್ದಲ್ಲ. ಮೊದಲನೆಯದು ಜೋರು, ಎರಡನೆಯದು ಮೆಲ್ಲಗೆ. ಮಗುವಿನ ಬೆನ್ನು ತಟ್ಟಿದ ಹಾಗೆ."

ಆ ಎಂಟು ಮಂದಿಯಲ್ಲಿ ಎರಡನೆಯ ಪಿಟೀಲು ನುಡಿಸುತ್ತಿದ್ದವಳು ಒಬ್ಬ ಹೆಂಗಸು. ನಲವತ್ತರ ಹತ್ತಿರದಾಕೆ. ನಿಮ್ಮ ವಠಾರ ಯಾವ ಬೀದಿಯಲ್ಲಿತ್ತು ಎಂದು ಕೇಳಿದಳು. ಅವನು ಹೇಳಿದ. ಆಕೆ ಕಮಾನನ್ನು ಮಡಿಲಿಗೆ ಇಳಿಸಿದಳು. ಆ ಮೇಷ್ಟ್ರು ಆಕೆಯ ತಂದೆ. ದಿನವೂ ಆ ಜಾಗದಲ್ಲಿ ತಪ್ಪುತ್ತಿದ್ದವಳು ಆಕೆಯೇ. ಅಪ್ಪ ಬರೆದಿಟ್ಟ ಸ್ವರದ ಪುಸ್ತಕಗಳು ಆಕೆಯ ಬಳಿ ಇದ್ದವು, ಅವರ ಕಛೇರಿಯ ಕ್ಯಾಸೆಟ್ಟುಗಳೂ ಇದ್ದವು. ಪಾಠ ಹೇಳುವಾಗಿನ ಆ ಸದ್ದು ಮಾತ್ರ ಯಾವುದರಲ್ಲೂ ಇರಲಿಲ್ಲ. ಆಕೆಗೆ ನೆನಪಿದ್ದದ್ದು ಮೊದಲನೆಯ ಪೆಟ್ಟೊಂದೇ. ಅದಕ್ಕೆ ಹೆದರಿ ಅಂಗೈ ಬೆವರುತ್ತಿದ್ದದ್ದೊಂದೇ. ಹೋಗಲಿ ಮಗಳೇ, ಇನ್ನೊಮ್ಮೆ ನುಡಿಸು ಎನ್ನುವ ಹಾಗೆ ಅಪ್ಪ ಎರಡನೆಯ ಸಲ ಮೆಲ್ಲಗೆ ತಟ್ಟುತ್ತಿದ್ದುದನ್ನು ಮರೆತೇಬಿಟ್ಟಿದ್ದಳು. ಅಪ್ಪ ಕಣ್ಣು ಮುಚ್ಚಿದ ಮೇಲೂ ಅವರ ಮೇಲಿನ ಮುನಿಸು ಆಕೆಗೆ ಹೋಗಿರಲಿಲ್ಲ. ಅಂಥವಳು ಅಷ್ಟು ಜನರ ಎದುರಿಗೆ ಗಳಗಳನೆ ಅತ್ತಳು.

ಅತ್ತು ಮುಗಿದ ಮೇಲೆ ಪಿಟೀಲು ಎತ್ತಿಕೊಂಡಳು. ವರ್ಣ ಹಿಡಿದು ಆ ಜಾಗದವರೆಗೆ ಬಂದಳು. ತಾಳ ಮುಗಿಯಲು ಮೂರು ಎಣಿಕೆ ಇರುವಾಗಲೇ ನಿಲ್ಲಿಸಿದಳು. ಮೃದಂಗದ ಹಿರಿಯರು ಒಮ್ಮೆ ಆಕೆಯ ಮುಖ ನೋಡಿದರು. ಆಮೇಲೆ ಎರಡು ಸಲ ತಟ್ಟಿದರು, ಎರಡನೆಯದನ್ನು ಮೆಲ್ಲಗೆ.

ಕಾರ್ಯಕ್ರಮದ ದಿನ ಮುಂದಿನ ಸಾಲಿನಲ್ಲಿ ತೊಡೆಯ ಮೇಲೆ ತಾಳ ಹಾಕುತ್ತ ಕೂತಿದ್ದ ಒಬ್ಬರು, ಆ ಜಾಗ ಬರುತ್ತಲೇ ಮುಖ ಗಂಟಿಕ್ಕಿಕೊಂಡು ಎದ್ದು ಹೋದರಂತೆ. ಹೋಗಲಿ ಬಿಡು, ಅವರಿಗೆ ಅಷ್ಟೇ ಲೆಕ್ಕ ಗೊತ್ತು. ಹುಡುಗ ಆ ಮೌನದಲ್ಲಿ ತನ್ನ ತಾಯಿಗೆ ಹೇಳಬೇಕಾದದ್ದನ್ನು ಹೇಳಿದ. ಅವನು ಹೇಳಿ ಮುಗಿಸುವವರೆಗೆ ಎಂಟು ಮಂದಿ ವಿದ್ವಾಂಸರೂ ಕಾದರು. ಆಮೇಲೆ ಮತ್ತೆ ಮೊದಲಿಂದ ನುಡಿಸಿದರು.

ಗುರುಗಳು ಕತೆ ಮುಗಿಸಿದರು. ಎಷ್ಟಾದರೂ ತಪ್ಪು ತಪ್ಪೇ ಅಲ್ಲವೇ ಎಂದ ಶಿಷ್ಯ.

"ತಪ್ಪೇ," ಎಂದರು ಗುರುಗಳು. "ನಾನು ಹೋದ ಮೇಲೆ, ನಾನು ಕಲಿಸಿದ್ದನ್ನು ನೀನು ಸರಿಯಾಗಿಯೇ ನುಡಿಸುತ್ತೀಯ, ಆದರೆ ನೀನು ತಪ್ಪಿದಾಗಲೆಲ್ಲ ಬೆನ್ನು ತಟ್ಟಿದ ನನ್ನನ್ನು ಯಾರು ನುಡಿಸುತ್ತಾರೆ?"