ಕೂಗಳತೆಯ ದಾರಿ

ಬೆಟ್ಟಗಳ ನಡುವೆ ಒಂದು ಹೊಳೆ. ಹೊಳೆಯ ದಂಡೆಯಲ್ಲಿ ಕೇತಮ್ಮನವರ ಆಶ್ರಮ.

ಆಶ್ರಮವೆಂದು ಹೆಸರಿಟ್ಟವರು ಶಿಷ್ಯರು. ಅಲ್ಲಿ ಇದ್ದುದು ಎರಡು ಕೋಣೆ, ಒಂದು ಜಗಲಿ, ಜಗಲಿಯ ಕಂಬಕ್ಕೆ ಒರಗಿದ ಹಳೆಯ ಸೈಕಲ್ಲು.

ಒಂದು ಕಾಲದಲ್ಲಿ ಕೇತಮ್ಮನವರು ಆ ಕಾಡಿನ ಹಾಡಿಗಳ ಮನೆಮನೆಗೆ ಹೆರಿಗೆ ಮಾಡಿಸಲು ಹೋಗುತ್ತಿದ್ದ ನರ್ಸಮ್ಮ. ಸೈಕಲ್ಲಿನ ಹಿಂದೆ ಔಷಧದ ಪೆಟ್ಟಿಗೆ ಕಟ್ಟಿಕೊಂಡು, ಗರಸು ಹಾಸಿದ ಕಾಡುದಾರಿಗಳಲ್ಲಿ ಮೂವತ್ತೊಂದು ವರ್ಷ ಓಡಾಡಿದ್ದರು. ಈಗ ಅದೇ ದಾರಿಗಳಲ್ಲಿ ಸೈಕಲ್ ತುಳಿಯಲೆಂದೇ ಪಟ್ಟಣದಿಂದ ಜನ ಬರುತ್ತಿದ್ದರು. ಅವರನ್ನು ಕರೆದೊಯ್ಯುವವರು ಕೇತಮ್ಮನವರ ಬಳಿ ದಾರಿ ಕಲಿಯುತ್ತಿದ್ದರು.

ಕಲಿತು ಮುಗಿದವರಿಗೆ ಅವರು ಒಂದು ಹಿತ್ತಾಳೆಯ ಸೈಕಲ್ ಬೆಲ್ಲು ಕೊಡುತ್ತಿದ್ದರು. ಬೇರೇನೂ ಕೊಡುತ್ತಿರಲಿಲ್ಲ.

ಒಂದು ಸಂಜೆ ಶಂಭುಲಿಂಗನೆಂಬ ಶಿಷ್ಯ ಬಂದು, ತನ್ನ ಬೆಲ್ಲನ್ನು ಜಗಲಿಯ ಮೇಲಿಟ್ಟು, ತಲೆ ತಗ್ಗಿಸಿ ನಿಂತ.

“ಕೆಟ್ಟಿತೇನಪ್ಪ?” ಎಂದರು ಕೇತಮ್ಮನವರು.

“ಬೆಲ್ಲು ಚೆನ್ನಾಗಿದೆ ಅವ್ವ. ಕೆಟ್ಟವನು ನಾನು.”

“ಹಾಗಾದರೆ ಕೂತು ಕೆಡು. ಕಾಫಿ ಕಾಯಿಸಿದ್ದೇನೆ.”

ಶಂಭು ಕೂರಲಿಲ್ಲ. ನಿಂತೇ ಹೇಳಿದ.

ಕಳೆದ ಭಾನುವಾರ ಅವನು ಐದು ಜನರನ್ನು ಮೇಲಿನ ದಾರಿಯಲ್ಲಿ ಕರೆದೊಯ್ದಿದ್ದ. ಚಕ್ರಗಳ ಹಿಂದೆ ಕೆಂಪು ದೂಳು ಏಳುತ್ತಿತ್ತು. ಮುಂದಿನವರ ದೂಳು ಹಿಂದಿನವರ ಬಾಯಿಗೆ ಬೀಳದಿರಲೆಂದು ಎಲ್ಲರ ನಡುವೆಯೂ ಅಂತರ ಬಿಡಿಸಿದ್ದ. ಎಲ್ಲರಿಗಿಂತ ಮುಂದೆ ಅವನು, ಎಲ್ಲರಿಗಿಂತ ಹಿಂದೆ ಸುಭದ್ರಾ ಟೀಚರ್. ಹೊಳೆಯ ತಿರುವಿನಲ್ಲಿ ಅವರ ಚಕ್ರ ಗರಸಿನ ಮೇಲೆ ಜಾರಿತು. ಬಲಗೈ ಮುರಿಯಿತು.

“ಒಂದು ಗಂಟೆ ಹೊತ್ತು ಕೂಗಿದರಂತೆ ಅವ್ವ. ನಮ್ಮಲ್ಲಿ ಒಬ್ಬರಿಗೂ ಕೇಳಿಸಲಿಲ್ಲ.”

“ಈಗ ಹೇಗಿದ್ದಾರೆ?”

“ಕೈಗೆ ಪಟ್ಟಿ ಹಾಕಿದ್ದಾರೆ. ನೋಡಿಕೊಂಡು ಬಂದೆ. ‘ಕೈ ಸರಿಹೋಗುತ್ತದೆ ಶಂಭು. ಅಷ್ಟು ಕೂಗಿದರೂ ಒಬ್ಬರೂ ಓ ಅನ್ನಲಿಲ್ಲವಲ್ಲ, ಅದನ್ನು ಮಾತ್ರ ಮರೆಯಲಾಗುತ್ತಿಲ್ಲ’ ಎಂದರು.”

ಕೇತಮ್ಮನವರು ಕಾಫಿ ಲೋಟವನ್ನು ಅವನ ಮುಂದೆ ಸರಿಸಿದರು.

“ಬರುವ ಭಾನುವಾರ ಆರು ಜನ ಬರುತ್ತಾರೆ ಅವ್ವ. ಬೇರೆ ಯಾರನ್ನಾದರೂ ಕಳಿಸಿ. ನಾನು ಇನ್ನು ಯಾರನ್ನೂ ಕಾಡಿಗೆ ಕರೆದೊಯ್ಯುವುದಿಲ್ಲ.”

“ಎಷ್ಟು ಅಂತರ ಬಿಡಿಸಿದ್ದೆ?”

“ನೀವು ಕಲಿಸಿದಷ್ಟೇ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಕೂಗಳತೆ.”

“ಕೂಗಳತೆಯಲ್ಲಿ ಇದ್ದವರಿಗೆ ಕೂಗು ಕೇಳಿಸಬೇಕಿತ್ತಲ್ಲ?”

“ಅದೇ ನನಗೂ ತಿಳಿಯುತ್ತಿಲ್ಲ.”

ಶಂಭು ಚೀಲದಿಂದ ತನ್ನ ದಾರಿಪುಸ್ತಕವನ್ನು ತೆಗೆದುಕೊಟ್ಟ. ಮೊದಲನೆಯ ಪುಟದಲ್ಲಿ ಹೀಗಿತ್ತು: “ಒಂದು ಕೂಗಳತೆ ಎಂದರೆ ನಾನೂರು ಮೀಟರ್.” ಅದರ ಕೆಳಗೆ ಎರಡು ಗೆರೆ ಎಳೆದಿದ್ದ.

“ಇದನ್ನು ಯಾರು ಹೇಳಿಕೊಟ್ಟರು?”

“ನಾನೇ ಅಳೆದೆ ಅವ್ವ. ನಮ್ಮೂರ ಶಾಲೆಯ ಮೈದಾನದಲ್ಲಿ ನಮ್ಮ ಭಾವನನ್ನು ನಿಲ್ಲಿಸಿ ಕೂಗಿಸಿದೆ. ಕೂಗು ಕೇಳಿಸುವಷ್ಟು ದೂರವೂ ಹೋದೆ.”

“ನಿಮ್ಮ ಭಾವನಿಗೆ ಏನು ಕೆಲಸ?”

“ಬಸ್ ಕಂಡಕ್ಟರ್.”

ಕೇತಮ್ಮನವರು ಸೆರಗನ್ನು ಬಾಯಿಗೆ ಹಿಡಿದು ನಕ್ಕರು.

ಆಮೇಲೆ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಏರುಗಳು, ಇಳಿಜಾರುಗಳು, ನೀರು ಸಿಗುವ ಜಾಗಗಳು ಎಲ್ಲವನ್ನೂ ಶಂಭು ಅಂದವಾಗಿ ಬರೆದಿದ್ದ. ಒಂದು ಹಾಳೆಯಲ್ಲಿ ಅವರ ಬೆರಳು ನಿಂತಿತು.

“ಹೊನ್ನೆಹಾಡಿ. ಪಾಳು ಬಿದ್ದಿದೆ. ಯಾರೂ ಇಲ್ಲ. ನಿಲ್ಲುವ ಅಗತ್ಯವಿಲ್ಲ.”

ಬೆರಳು ಬಹಳ ಹೊತ್ತು ಅಲ್ಲಿಯೇ ಇತ್ತು. ನಂತರ ಅವರು ಪುಸ್ತಕವನ್ನು ಮುಚ್ಚಿ ಹಿಂದಿರುಗಿಸಿದರು.

“ಬೆಳಿಗ್ಗೆ ಬೇಗ ಏಳು. ಹೋಗಿಬರೋಣ.”

ಬೆಳಿಗ್ಗೆ ಇಬ್ಬರೂ ಸೈಕಲ್ ಹತ್ತಿದರು. ಏರು ಬಂದಾಗಲೆಲ್ಲ ಕೇತಮ್ಮನವರು ಇಳಿದು ತಳ್ಳಿಕೊಂಡು ನಡೆದರು. ಶಂಭು ಮುಂದೆ ಹೋಗಿ ಕಾಯುತ್ತಿದ್ದ.

“ಹೆಣ್ಣಿನ ಕಡೆಯವರನ್ನು ಎದುರುಗೊಳ್ಳುವವನ ಹಾಗೆ ಏಕೆ ನಿಂತಿದ್ದೀಯೆ? ನಡಿ.”

ಹೊಳೆಯ ತಿರುವು ಬಂತು. ಕೇತಮ್ಮನವರು ಸೈಕಲ್ಲನ್ನು ಮರಕ್ಕೆ ಒರಗಿಸಿ ದಾರಿಯ ಅಂಚಿನಲ್ಲಿ ಕುಳಿತರು.

“ಒಂದು ಕೂಗಳತೆ ಮುಂದೆ ಹೋಗಿ ನಿಲ್ಲು. ನಾನು ಕೂಗಿದಾಗ ಓಗೊಡು.”

ಶಂಭು ಹೋದ. ಸೈಕಲ್ಲಿನ ಮೀಟರು ಸರಿಯಾಗಿ ನಾನೂರು ತೋರಿಸಿದಾಗ ನಿಂತ. ನೀರು ಬಂಡೆಗಳ ಮೇಲೆ ಬೀಳುವ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಮರದ ನೆರಳು ಒಂದು ಕಲ್ಲನ್ನು ಬಿಟ್ಟು ಇನ್ನೊಂದು ಕಲ್ಲಿಗೆ ಸರಿಯಿತು. ಅವನು ಹಿಂದಿರುಗಿ ಬಂದ.

“ಕೂಗಲಿಲ್ಲವೇ ಅವ್ವ?”

“ಹನ್ನೊಂದು ಸಲ ಕೂಗಿದೆ.” ಅವರ ದನಿ ಒಡೆದಿತ್ತು.

“ನಾನು ನಾನೂರಕ್ಕೇ ನಿಂತಿದ್ದೆ. ಬೇಕಾದರೆ ಮೀಟರು ನೋಡಿ.”

“ನಿನ್ನ ಮೀಟರಿಗೆ ಕಿವಿ ಇದೆಯೇನಪ್ಪ?”

ಆಗ ಶಂಭು ನೆಲವನ್ನು ನೋಡಿದ. ಗರಸಿನಲ್ಲಿ ಚಕ್ರ ಜಾರಿದ ಗುರುತು ಇನ್ನೂ ಇತ್ತು. ಅವರು ಕುಳಿತಿದ್ದುದು ಸುಭದ್ರಾ ಟೀಚರ್ ಬಿದ್ದಿದ್ದ ಜಾಗದಲ್ಲಿ.

“ಮತ್ತೆ ಹೋಗು” ಎಂದರು.

ಮುನ್ನೂರಕ್ಕೆ ನಿಂತ. ಕೇಳಿಸಲಿಲ್ಲ. ಇನ್ನೂರಕ್ಕೆ ನಿಂತ. ಕೇಳಿಸಲಿಲ್ಲ. ಅರವತ್ತು ಹೆಜ್ಜೆಯಷ್ಟು ದೂರಕ್ಕೆ ಬಂದು ನಿಂತಾಗ, ನೀರಿನ ಸದ್ದಿನ ನಡುವೆ ಎಳೆಯಂತೆ ಒಂದು ದನಿ ಬಂತು.

“ಶಂಭೂ!”

“ಓ!” ಎಂದ.

ಅಲ್ಲಿಂದ ಮೇಲೆ, ಬಿದಿರು ಮೆಳೆಯಲ್ಲಿ ಕೂಗಳತೆ ಸ್ವಲ್ಪ ಉದ್ದವಾಯಿತು. ಬೆಟ್ಟದ ನೆತ್ತಿಯಲ್ಲಿ ಇನ್ನೂ ಉದ್ದವಾಯಿತು. ಅಲ್ಲಿ ಶಂಭು ಒಂದೂವರೆ ಕಿಲೋಮೀಟರ್ ಸುತ್ತಿಕೊಂಡು ಕಣಿವೆಯ ಆಚೆ ಬದಿಗೆ ಹೋದರೂ ಕೇತಮ್ಮನವರು ಕೆಮ್ಮಿದ್ದು ಕೇಳಿಸಿತು. ಅಷ್ಟರಲ್ಲಿ ಗಾಳಿ ತಿರುಗಿತು. ಅವರು ಎರಡು ಕೈಯೆತ್ತಿ ಬಾಯಿ ತೆರೆದದ್ದು ಕಾಣಿಸಿತು. ದನಿ ಬರಲಿಲ್ಲ.

ಶಂಭು ಮೀಟರನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ.

ಮಧ್ಯಾಹ್ನ ಒಂದು ಒರತೆಯ ಬಳಿ ಬುತ್ತಿ ಬಿಚ್ಚಿದರು. ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ಅಲ್ಲಿಂದ ಒಂದು ಕಾಲುದಾರಿ ಮೇಲಕ್ಕೆ ಹೋಗುತ್ತಿತ್ತು. ಮೇಲೆ ಒಂದು ದೊಡ್ಡ ಬಂಡೆ, ಬಂಡೆಯ ಹಿಂದೆ ಹೊನ್ನೆಹಾಡಿ.

“ಹಾಡಿಯಲ್ಲಿ ಹನ್ನೊಂದು ಮನೆ ಇದ್ದವು” ಎಂದರು ಕೇತಮ್ಮನವರು. “ಯಾರಿಗಾದರೂ ನೋವು ಬಂದರೆ ಆ ಬಂಡೆಯ ಮೇಲೆ ನಿಂತು ಕೂಗುತ್ತಿದ್ದರು. ಕೆಳಗಿನ ಹಾಡಿಯವರು ಕೇಳಿಸಿಕೊಂಡು ಅದರ ಕೆಳಗಿನವರಿಗೆ ಕೂಗುತ್ತಿದ್ದರು. ಹಾಗೆಯೇ ಬೆಟ್ಟ ಇಳಿದು ಕೂಗು ನನ್ನ ಬಾಗಿಲಿಗೆ ಬರುತ್ತಿತ್ತು.”

“ಆಗ ನೀವು ಹೊರಡುತ್ತಿದ್ದಿರಿ.”

“ಮೊದಲು ಓ ಎನ್ನುತ್ತಿದ್ದೆ. ಆ ಓ ಕೂಡ ಹಾಗೆಯೇ ಬೆಟ್ಟ ಹತ್ತುತ್ತಿತ್ತು. ನಾನು ಸೈಕಲ್ ತಳ್ಳಿಕೊಂಡು ಬರುವುದಕ್ಕೆ ಎರಡು ಗಂಟೆ ಬೇಕು. ನೋವಿನಲ್ಲಿ ಇದ್ದವಳು ನರಳುತ್ತಲೇ ಕೇಳುತ್ತಿದ್ದಳಂತೆ, ‘ಓಗೊಟ್ಟರಾ?’ ಎಂದು. ಓಗೊಟ್ಟರು ಎಂದರೆ ತುಟಿ ಕಚ್ಚಿಕೊಂಡು ತಡೆದುಕೊಳ್ಳುತ್ತಿದ್ದಳಂತೆ.”

ಅವರು ರೊಟ್ಟಿಯ ಕೊನೆಯ ಚೂರನ್ನು ಇರುವೆಗಳಿಗೆ ಹಾಕಿದರು.

“ಈ ಕೈ ಅಲ್ಲಿ ಇಪ್ಪತ್ತೆಂಟು ಕೂಸುಗಳನ್ನು ಹಿಡಿದಿದೆ. ಅವುಗಳ ಶಾಲೆಗೆಂದೇ ಎಲ್ಲರೂ ಟಾರು ರಸ್ತೆಯ ಬದಿಗೆ ಇಳಿದರು. ಒಳ್ಳೆಯದೇ ಮಾಡಿದರು. ಹತ್ತೊಂಬತ್ತು ವರ್ಷವಾಯಿತು.”

“ಆಮೇಲೆ ನೀವು ಇಲ್ಲಿಗೆ ಬಂದೇ ಇಲ್ಲವೇ?”

“ಬರುತ್ತೇನೆ. ಬಂದಾಗ ಒಂದು ಸಲ ಕೂಗುತ್ತೇನೆ.”

“ಯಾರನ್ನು ಅವ್ವ?”

ಕೇತಮ್ಮನವರು ಬುತ್ತಿಯ ಡಬ್ಬಿಯನ್ನು ಎತ್ತಿಕೊಂಡು ಒರತೆಯ ಕಡೆಗೆ ತಿರುಗಿದರು.

“ಸೈಕಲ್ ಇಲ್ಲಿಯೇ ಇರಲಿ. ಮೇಲೆ ಹೋಗು. ಒಂದು ಕೂಗಳತೆ.”

ಎಷ್ಟು ದೂರ ಎಂದು ಕೇಳಲು ಶಂಭು ಬಾಯಿ ತೆರೆದ. ಕೇಳದೆ ಹೊರಟ.

ಹಿಂದೆ ಡಬ್ಬಿ ತೊಳೆಯುವ ಸದ್ದು ಬರುತ್ತಿತ್ತು. ನಾಲ್ಕು ಹೆಜ್ಜೆಗೊಮ್ಮೆ ನಿಂತು, ಅದು ಕೇಳಿಸುತ್ತಿದೆಯೇ ಎಂದು ನೋಡಿಕೊಂಡು ಹತ್ತಿದ. ಬಂಡೆ ದಾಟಿದ. ಹಾಡಿಯ ಮೊದಲನೆಯ ಮನೆಯ ಬಳಿ ಆ ಸದ್ದು ತೀರ ತೆಳುವಾಯಿತು. ಅಲ್ಲಿ ನಿಂತ.

ಗೋಡೆಗಳು ಇರಲಿಲ್ಲ. ಕಲ್ಲಿನ ಹೊಸ್ತಿಲು ಇತ್ತು. ಒರಳಿನ ಗುಳಿಯಲ್ಲಿ ಒಣಗಿದ ಎಲೆ ತುಂಬಿತ್ತು. ಸೀಬೆಮರವೊಂದು ಕಾಯಿ ಬಿಟ್ಟು ನಿಂತಿತ್ತು. ಕೈಗೆ ಎಟುಕುವ ಕೊಂಬೆಯ ಕೆಳಗಿನ ಕಲ್ಲು ಇನ್ನೂ ನುಣ್ಣಗಿತ್ತು. ಎಷ್ಟು ಮಕ್ಕಳು ತುಳಿದ ಕಲ್ಲೋ.

ತನ್ನ ಹೆಸರು ಕೇಳಿಸುವುದೆಂದು ಅವನು ಕಾಯುತ್ತಿದ್ದ.

“ಹೊನ್ನೆಹಾಡಿಯವರೇ!”

ಶಂಭು ಸುತ್ತಲೂ ನೋಡಿದ. ಹನ್ನೊಂದು ಹೊಸ್ತಿಲುಗಳು ಸುಮ್ಮನಿದ್ದವು. ಅವನು ಓಡಿಹೋಗಿ ಬಂಡೆಯ ಮೇಲೆ ಹತ್ತಿ, ಎರಡು ಕೈಗಳನ್ನು ಬಾಯಿಗೆ ಹಿಡಿದ.

“ಓ! ಇದ್ದೇವೆ ಅವ್ವೋ!”

ಕೆಳಗೆ ಡಬ್ಬಿಯ ಸದ್ದು ನಿಂತುಹೋಯಿತು. ಎಷ್ಟೋ ಹೊತ್ತಿನವರೆಗೆ ಮತ್ತೆ ಬರಲಿಲ್ಲ.

ಅವನು ಇಳಿದು ಬಂದಾಗ ಹಿತ್ತಾಳೆಯ ಬೆಲ್ಲು ಅವನ ಸೈಕಲ್ಲಿನ ಹ್ಯಾಂಡಲ್ಲಿನಲ್ಲಿತ್ತು. ಕೇತಮ್ಮನವರು ಸ್ಪಾನರನ್ನು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಶಂಭು ಬೆಲ್ಲನ್ನು ಮುಟ್ಟಿ ನೋಡಿದ. ಬಿಚ್ಚಲಿಲ್ಲ.

“ಭಾನುವಾರ ನಾನು ಎಲ್ಲರಿಗಿಂತ ಹಿಂದೆ ಬರುತ್ತೇನೆ ಅವ್ವ. ಬಿದ್ದವರ ದನಿ ಮೊದಲು ನನಗೆ ಕೇಳಿಸಲಿ.”

“ದೂಳು ತಿನ್ನುತ್ತೀಯೆ.”

“ತಿನ್ನುತ್ತೇನೆ. ಟೀಚರ್ ಕೈ ಸರಿಹೋದ ಮೇಲೆ ಅವರನ್ನೂ ಕರೆಯುತ್ತೇನೆ.”

“ಬಾರದಿದ್ದರೆ?”

“ಮತ್ತೆ ಕರೆಯುತ್ತೇನೆ.”

ಅವನು ದಾರಿಪುಸ್ತಕವನ್ನು ತೆರೆದು, ಮೊದಲನೆಯ ಪುಟದ ನಾನೂರು ಮೀಟರನ್ನು ಹೊಡೆದುಹಾಕಿದ. ಮತ್ತೊಂದು ಹಾಳೆಗೆ ಬಂದು ಪೆನ್ನು ಹಿಡಿದು ಕುಳಿತ.

“ಅವ್ವ, ಹೊನ್ನೆಹಾಡಿಯ ಮುಂದೆ ‘ಯಾರೂ ಇಲ್ಲ’ ಎಂದು ಬರೆದುಬಿಟ್ಟಿದ್ದೇನೆ.”

ಕೇತಮ್ಮನವರು ಸೈಕಲ್ಲನ್ನು ಇಳಿಜಾರಿಗೆ ತಿರುಗಿಸಿ, ಒಮ್ಮೆ ಬಂಡೆಯ ಕಡೆಗೆ ನೋಡಿದರು.

“ಅದನ್ನೂ ಹೊಡೆದುಹಾಕು ಮಗ. ಈಗ ತಾನೇ ಓಗೊಟ್ಟರು.”