ಬಂಗಲೆಯ ಮುಂದಿನ ಹೀರೆಬಳ್ಳಿ

“ಅಮಲ್ದಾರರ ಬಂಗಲೆಯ ಮುಂದೆ ಹೀರೆಬಳ್ಳಿಯೇ? ಕಿತ್ತುಹಾಕಿ ಗುಲ್‌ಮೊಹರ್ ನೆಡು. ಎದುರಾಡಿದರೆ ಕೆಲಸದಿಂದ ವಜಾ!” ಎಂದು ಹೊಸ ಅಮಲ್ದಾರ ವೆಂಕಟಾಚಲಯ್ಯನವರು ಗುಡುಗಿದರು.

ಮಾಲಿಯ ಮನೆಯ ಪಲ್ಯ ಆ ಬಳ್ಳಿಯಿಂದಲೇ ಬರುತ್ತಿತ್ತು. ಆದರೂ ಅವನು ಎದುರಾಡಲಿಲ್ಲ. ಸಸಿಯನ್ನು ತಂದು ಕೈಮುಗಿದು ನಿಂತ.

“ಮರ ನೆಟ್ಟವರ ಹೆಸರಿನ ಹಲಗೆ ಹಾಕುವುದು ಇಲ್ಲಿಯ ಪದ್ಧತಿ, ಬುದ್ಧೀ. ಇದು ಹೂ ಬಿಡಲು ಆರು ವರ್ಷ ಬೇಕು. ಹಿಂದೆ ನೆಟ್ಟ ಮೂವರು ಸಾಹೇಬರೂ ಹೂ ಕಾಣುವ ಮೊದಲೇ ವರ್ಗವಾದರು. ತಮ್ಮ ಹೆಸರು ಬರೆಸಲೇ?”

ಅಮಲ್ದಾರರ ಮುಖ ಬಿಳಿಚಿತು. ಅವರು ಈ ಊರಿಗೆ ಬಂದು ಹದಿನೈದು ದಿನವಷ್ಟೇ ಆಗಿತ್ತು.

“ಹೀರೆ ನೆಟ್ಟರೆ?” ಎಂದರು, ದನಿ ತಗ್ಗಿಸಿ.

“ಎರಡು ತಿಂಗಳಿಗೆ ಕಾಯಿ, ಬುದ್ಧೀ. ವರ್ಷವರ್ಷವೂ ಅದನ್ನು ನೆಡುವ ನಾನು ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದೇನೆ.”

ಅಮಲ್ದಾರರು ಮೆಲ್ಲಗೆ ಕೈ ಚಾಚಿದರು. “ಎಲ್ಲಿ, ನನಗೂ ಎರಡು ಬೀಜ ಕೊಡು.”